ರೊಟ್ಟಿ ಬಡಿಯುವ ಕೈಗೆ ರಾತ್ರಿ ಜೋಮು

ನಮ್ಮ ಚಿಗವ್ವನಿಗೆ ನಸುಕಿನ ಮೂರಕ್ಕೆ ಎಚ್ಚರಾಗುತ್ತಿತ್ತು. ಎಬ್ಬಿಸುತ್ತಿದ್ದದ್ದು ಆಕೆಯ ಬಲಗೈ. "ಬೆರಳಾಗ ಇರಿವಿ ಹರದಂಗ ಆಗ್ತದ, ಉರೀತದ, ಜಾಡಿಸಿದ್ರ ತುಸು ಹಗುರಾಗ್ತದ ನೋಡು" ಎನ್ನುತ್ತ, ಹಿಂದೆ ನರ್ಸಮ್ಮಗಳು ಥರ್ಮಾಮೀಟರಿನ ಪಾದರಸ ಇಳಿಸುತ್ತಿದ್ದ ಹಾಗೆ ಕತ್ತಲಲ್ಲಿ ಕೂತು ಕೈ ಜಾಡಿಸುತ್ತಿದ್ದಳು. ಬೆಳಗಾದರೆ ಅದೇ ಕೈ ಮೂವತ್ತು ನಲವತ್ತು ಜೋಳದ ರೊಟ್ಟಿ ಬಡಿಯಬೇಕು. ಮನೆಯವರೆಲ್ಲ ತಮಗೆ ತೋಚಿದ್ದು ಹೇಳಿದರು. ಒಬ್ಬರು ವಾಯು ಅಂದರು, ಇನ್ನೊಬ್ಬರು ರಕ್ತ ಕಡಿಮೆ ಅಂದರು. ಶಕ್ತಿ ಸೂಜಿ ಮಾಡಿಸಿದ್ದಾಯಿತು. ಕೊನೆಗೆ ಕೈ ತಿಕ್ಕುವುದರಲ್ಲಿ ಹೆಸರಾದ ಒಬ್ಬರು ಬಂದು, ಕುಸುಬೆ ಎಣ್ಣೆ ಹಚ್ಚಿ, ಮಣಿಕಟ್ಟಿನ ಒಳಮಗ್ಗುಲನ್ನು ಹೆಬ್ಬೆರಳಿನಿಂದ ಮೂರು ದಿನ ಬಲವಾಗಿ ಒತ್ತಿದರು. ನಾಲ್ಕನೆಯ ದಿನದಿಂದ ಎಚ್ಚರ ಮೂರಕ್ಕಲ್ಲ, ಒಂದಕ್ಕೇ ಆಗತೊಡಗಿತು.

ಆಮೇಲೆ ತೋರಿಸಿದ ಎಲುಬು-ಕೀಲು ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: "ಕಿರುಬೆರಳಿಗೂ ಜೋಮು ಹಿಡೀತದೇನಮ್ಮ?"

ಚಿಗವ್ವ ಯೋಚಿಸಿ ಹೇಳಿದಳು, "ಇಲ್ರಿ, ಅದೊಂದು ಚಲೋ ಅದ."

ಆ ಉತ್ತರದಲ್ಲಿ ಕಾಯಿಲೆ ಮುಕ್ಕಾಲುಪಾಲು ಸಿಕ್ಕಿಬಿದ್ದಿತ್ತು. ಕಾರ್ಪಲ್ ಟನಲ್ ಸಿಂಡ್ರೋಮ್ ಎಂದು ಇದಕ್ಕೆ ಹೆಸರು. ಹೆಸರು ದೊಡ್ಡದು, ವಿಷಯ ಸಣ್ಣದು: ಮಣಿಕಟ್ಟಿನಲ್ಲಿ ಒಂದು ನರ ಅಮುಕಿಕೊಂಡಿರುತ್ತದೆ. ಈ ಲೇಖನದಲ್ಲಿ ಯೋಗವೂ ಇದೆ, ಎಣ್ಣೆ ತಿಕ್ಕುವುದೂ ಇದೆ. ಆದರೆ ಅವೆರಡಕ್ಕಿಂತ ಮೊದಲು ತಲೆಯಲ್ಲಿ ಇಟ್ಟುಕೊಳ್ಳಬೇಕಾದ ಮಾತು ಇದು: ಒತ್ತಡದಿಂದ ನೋಯುತ್ತಿರುವ ನರವನ್ನು ಮತ್ತೆ ಒತ್ತಬಾರದು. ಯೋಗವಾದರೂ ಅಷ್ಟೆ, ಮಾಲೀಸಾದರೂ ಅಷ್ಟೆ.

ತೂಬಿನೊಳಗೆ ಹತ್ತು ಹಗ್ಗ

ಅಂಗೈ ಮತ್ತು ಮುಂಗೈ ಕೂಡುವ ಜಾಗದಲ್ಲಿ ಎಂಟು ಸಣ್ಣ ಎಲುಬುಗಳು ದೋಣಿಯ ಹಾಗೆ ಬಾಗಿ ಕೂತಿವೆ. ಆ ದೋಣಿಯ ಮೇಲೆ ಚರ್ಮದ ಪಟ್ಟಿಯಂಥ ಗಟ್ಟಿ ತಂತು ಅಡ್ಡಲಾಗಿ ಹೊದಿಸಿದೆ. ನಡುವೆ ಉಳಿಯುವ ಕಿಂಡಿ ನಮ್ಮ ಕಾಲುವೆಯ ತೂಬಿನ ಹಾಗೆ. ಅದರ ಬಾಯಿ ಹಿಗ್ಗುವುದಿಲ್ಲ. ಆ ಒಂದೇ ತೂಬಿನೊಳಗಿಂದ ಬೆರಳು ಮಡಚುವ ಒಂಬತ್ತು ಸ್ನಾಯುಹುರಿಗಳು ಹಾಯುತ್ತವೆ, ಜೊತೆಗೆ ಮೀಡಿಯನ್ ಎಂಬ ನರವೂ ಹಾಯುತ್ತದೆ. ಹುರಿಗಳ ಸುತ್ತಲಿನ ಪೊರೆ ಸ್ವಲ್ಪ ಊದಿಕೊಂಡರೂ ಜಾಗ ಸಾಲದಾಗಿ ಪೆಟ್ಟು ತಿನ್ನುವುದು ಎಲ್ಲಕ್ಕಿಂತ ಮೆತ್ತಗಿರುವ ನರ. ಈ ನರ ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧಕ್ಕೆ ಸ್ಪರ್ಶ ಕೊಡುತ್ತದೆ. ಕಿರುಬೆರಳಿನ ನರ ಬೇರೆ ದಾರಿಯಲ್ಲಿ ಹೋಗುತ್ತದೆ. ಡಾಕ್ಟರ ಪ್ರಶ್ನೆಯ ಗುಟ್ಟು ಅದು.

ಮಣಿಕಟ್ಟು ಬಾಗಿದಾಗ ಒಳಗೆ ಏನಾಗುತ್ತದೆ ಎನ್ನುವುದನ್ನು 1981ರಲ್ಲಿ ಅಮೆರಿಕದ ಗೆಲ್ಬರ್‌ಮನ್ ಮತ್ತು ಸಂಗಡಿಗರು ಸಣ್ಣ ನಳಿಕೆ ಇಳಿಸಿ ಅಳೆದರು. ಬಿಪಿ ಅಳೆಯುವ ಅದೇ ಮಾನದಲ್ಲಿ ಹೇಳುವುದಾದರೆ, ಆರೋಗ್ಯವಂತರ ಕೈ ನೆಟ್ಟಗಿದ್ದಾಗ ಕಿಂಡಿಯ ಒತ್ತಡ ಸರಾಸರಿ 2.5. ಕಾಯಿಲೆ ಇದ್ದವರಲ್ಲಿ ನೆಟ್ಟಗಿದ್ದಾಗಲೇ 32. ಅವರೇ ಕೈಯನ್ನು ಪೂರ್ತಿ ಒಳಕ್ಕೆ ಮಡಚಿದಾಗ 94, ಪೂರ್ತಿ ಹಿಂದಕ್ಕೆ ಬಾಗಿಸಿದಾಗ 110. ಈ ಅಂಕಿಗಳನ್ನು ಮರೆಯಬೇಡಿ, ಸೂರ್ಯನಮಸ್ಕಾರದ ಮಾತು ಬಂದಾಗ ಮತ್ತೆ ಬೇಕಾಗುತ್ತವೆ. ರಾತ್ರಿಯೇ ಯಾಕೆ ಜಾಸ್ತಿ ಎನ್ನುವುದಕ್ಕೂ ಉತ್ತರ ಇಲ್ಲೇ ಇದೆ: ನಿದ್ದೆಯಲ್ಲಿ ನಾವು ಕೈಯನ್ನು ಗದ್ದದ ಕೆಳಗೋ ದಿಂಬಿನ ಕೆಳಗೋ ಮಡಚಿಟ್ಟು ಗಂಟೆಗಟ್ಟಲೆ ಮಲಗುತ್ತೇವೆ.

ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಸಕ್ಕರೆ ಕಾಯಿಲೆ, ಥೈರಾಯ್ಡ್ ಕಡಿಮೆ ಇರುವುದು, ಕೀಲುವಾತ, ಮೈ ಭಾರ, ಮುಟ್ಟು ನಿಲ್ಲುವ ವಯಸ್ಸು, ಇವೆಲ್ಲ ಕಿಂಡಿಯನ್ನು ಇಕ್ಕಟ್ಟು ಮಾಡುತ್ತವೆ. ಬಸುರಿಯರಲ್ಲಿ ಕೊನೆಯ ಮೂರು ತಿಂಗಳು ಕಾಣಿಸಿಕೊಂಡು ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ಉಳಿದದ್ದು ದುಡಿಮೆ. ಬಲವಾಗಿ ಹಿಡಿಯುವುದು, ಒಂದೇ ಚಲನೆಯನ್ನು ಸಾವಿರ ಸಲ ಮಾಡುವುದು, ಮಣಿಕಟ್ಟು ಬಾಗಿಸಿಟ್ಟು ಕೆಲಸ ಮಾಡುವುದು, ನಡುಗುವ ಯಂತ್ರ ಹಿಡಿಯುವುದು. ಈ ನಾಲ್ಕರಲ್ಲಿ ಒಂದೂ ಇಲ್ಲದ ಮನೆ ನಮ್ಮ ರಾಯಚೂರು ಜಿಲ್ಲೆಯ ಲಿಂಗಸುಗೂರು, ಸಿಂಧನೂರು, ಮಸ್ಕಿ ತಾಲ್ಲೂಕುಗಳಲ್ಲಿ ಸಿಗುವುದು ಕಷ್ಟ. ಹತ್ತಿ ಬಿಡಿಸುವವರು, ಕುರ್ಚಿಗಿ ಹಿಡಿದು ಕಳೆ ತೆಗೆಯುವವರು, ತುಂಗಭದ್ರಾ ಎಡದಂಡೆಯ ಗದ್ದೆಗಳಲ್ಲಿ ನಾಟಿ ಹಚ್ಚುವವರು, ಮೆಣಸಿನಕಾಯಿ ತೊಟ್ಟು ಮುರಿಯುವವರು, ಹೊಲಿಗೆ ಮಷಿನ್ನಿನ ಮುಂದೆ ಕೂತವರು, ಖಾನಾವಳಿಯಲ್ಲಿ ರೊಟ್ಟಿ ಬಡಿಯುವವರು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಹೆಸರಿನಲ್ಲಿ ಶುರುವಾದ ಕಂಪನಿಯ ಹಟ್ಟಿ ಚಿನ್ನದ ಗಣಿ ನಮ್ಮ ಲಿಂಗಸುಗೂರು ತಾಲ್ಲೂಕಿನಲ್ಲೇ ಇದೆ. ಬಂಡೆ ಕೊರೆಯುವ ಯಂತ್ರ ಹಿಡಿದವರ ಕೈಗೆ ಅದರ ನಡುಕವೇ ಒಂದು ಕಾಯಿಲೆ ಎನ್ನುವುದು ಜಗತ್ತಿನ ಎಲ್ಲ ಗಣಿಗಳಿಗೂ ಗೊತ್ತಿರುವ ಸಂಗತಿ.

ಮೊದಲು ಬೆರಳು ಎಣಿಸಿ

ಕೈ ನೋವೆಲ್ಲ ಕಾರ್ಪಲ್ ಟನಲ್ ಅಲ್ಲ. ಮನೆಯಲ್ಲೇ ಒಂದಿಷ್ಟು ಜರಡಿ ಹಿಡಿಯಬಹುದು.

ಎರಡೂ ಮೊಣಕೈ ಮಡಚಿ, ಅಂಗೈಗಳ ಹಿಂಭಾಗವನ್ನು ಒಂದಕ್ಕೊಂದು ತಾಗಿಸಿ, ಬೆರಳು ನೆಲದ ಕಡೆ ಇರುವಂತೆ ಹಿಡಿಯಿರಿ. ತಲೆಕೆಳಗಾದ ನಮಸ್ಕಾರದ ಹಾಗೆ. ಒತ್ತಬೇಡಿ, ಸುಮ್ಮನೆ ಇಳಿಬಿಡಿ. ಅರವತ್ತು ಎಣಿಸುವುದರೊಳಗೆ ಹೆಬ್ಬೆರಳಿನ ಕಡೆಯ ಬೆರಳುಗಳಿಗೆ ಜೋಮು ಬಂದರೆ ಅನುಮಾನ ಗಟ್ಟಿಯಾಯಿತು. ಕೈ ಶಸ್ತ್ರವೈದ್ಯ ಜಾರ್ಜ್ ಫಾಲೆನ್ ಹೆಸರಿನ ಪರೀಕ್ಷೆ ಇದು. ಇನ್ನೊಂದು ಲಕ್ಷಣಕ್ಕೆ ಪರೀಕ್ಷೆಯೂ ಬೇಡ. ರಾತ್ರಿ ಎದ್ದು ಕೈ ಜಾಡಿಸುತ್ತೀರಾ? ಬೈಕಿನ ಹ್ಯಾಂಡಲ್ ಹಿಡಿದು ಮುದಗಲ್ಲಿಗೆ ಹೋಗುವಷ್ಟರಲ್ಲಿ, ಇಲ್ಲವೇ ಮೊಬೈಲ್ ಹಿಡಿದು ಹತ್ತು ನಿಮಿಷ ಮಾತಾಡುವಷ್ಟರಲ್ಲಿ ಬೆರಳು ಮರಗಟ್ಟುತ್ತವೆಯೇ? ಹೌದು ಎಂದರೆ ಮುಂದೆ ಓದಿ.

ನೋವು ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಪಕ್ಕದಲ್ಲಿ ಮಾತ್ರ ಇದ್ದು, ಜೋಮು ಇಲ್ಲದಿದ್ದರೆ, ಬಟ್ಟೆ ಹಿಂಡುವಾಗ ಅಥವಾ ಕೂಸನ್ನು ಎತ್ತುವಾಗ ಚುಳುಕ್ಕೆಂದರೆ ಅದು ಬೇರೆ ತೊಂದರೆ, ಬಾಣಂತಿಯರಲ್ಲಿ ಸಾಮಾನ್ಯ. ಕುತ್ತಿಗೆಯಿಂದ ಭುಜದ ಮೂಲಕ ಹರಿದು ಬರುವ ನೋವಾದರೆ ಕುತ್ತಿಗೆ ನೋಡಿಸಬೇಕು. ಎರಡೂ ಪಾದಗಳಲ್ಲಿ ಮೊದಲು ಉರಿ ಶುರುವಾಗಿ ಆಮೇಲೆ ಕೈಗೆ ಬಂದಿದ್ದರೆ ಸಕ್ಕರೆ ಪರೀಕ್ಷೆ ತಡಮಾಡಬೇಡಿ.

ಹೊರದೇಶದ ಆರೋಗ್ಯ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಸಿಗದ ಒಂದು ಎಚ್ಚರಿಕೆ ನಮಗೆ ಬೇಕು. ಕೈ ಮರಗಟ್ಟುವುದರ ಜೊತೆಗೆ ಮೈಮೇಲೆ ಎಲ್ಲಾದರೂ ಬಿಳಿಚಿದ ಅಥವಾ ಕೆಂಪಗಿನ ಮಚ್ಚೆ ಇದ್ದು, ಅದರ ಮೇಲೆ ಮುಟ್ಟಿದ್ದು ಗೊತ್ತಾಗದಿದ್ದರೆ, ಕಿರುಬೆರಳು ಮಡಚಿಕೊಳ್ಳುತ್ತಿದ್ದರೆ, ಕುಷ್ಠರೋಗ ಇದೆಯೇ ಎಂದು ನೋಡಿಸಲೇಬೇಕು. ನರಕ್ಕೆ ತಗಲುವ ಕಾಯಿಲೆ ಅದು. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ, ಬೇಗ ಶುರುಮಾಡಿದರೆ ಪೂರ್ತಿ ಗುಣವಾಗುತ್ತದೆ. ಆಶಾ ಕಾರ್ಯಕರ್ತೆಗೆ ಹೇಳಿದರೂ ಸಾಕು. ನಾಚಿಕೆಪಟ್ಟು ಎಣ್ಣೆ ತಿಕ್ಕುತ್ತ ಕೂತರೆ ಬೆರಳು ಹೋಗುತ್ತವೆ.

ರಾತ್ರಿ ಕೈ ನೆಟ್ಟಗೆ

ಯೋಗಕ್ಕಿಂತ ಮೊದಲು ಇದನ್ನು ಬರೆಯಲು ಕಾರಣ, ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಹಗುರ ಕೊಡುವ ಉಪಾಯ ಇನ್ನೊಂದಿಲ್ಲ. ಔಷಧಿ ಅಂಗಡಿಯಲ್ಲಿ ಮಣಿಕಟ್ಟಿನ ಪಟ್ಟಿ ಸಿಗುತ್ತದೆ, ಕೆಲವು ನೂರು ರೂಪಾಯಿಗೆ. ಒಳಗೆ ಅಂಗೈ ಕಡೆ ತಗಡಿನ ಪಟ್ಟಿ ಇರುವಂಥದ್ದನ್ನೇ ಕೇಳಿ. ಬರಿ ಹಿಗ್ಗುವ ಬಟ್ಟೆಯದು ಉಪಯೋಗವಿಲ್ಲ. ಅಂಗಡಿಯವರು ಹೇಳದ ಒಂದು ವಿಷಯ: ಈ ಪಟ್ಟಿಗಳಲ್ಲಿ ಬಹಳಷ್ಟು ಕೈಯನ್ನು ಹಿಂದಕ್ಕೆ ಬಾಗಿಸಿ ಹಿಡಿಯುವ ಹಾಗೆ ತಯಾರಾಗಿರುತ್ತವೆ. ಮುರಿದ ಎಲುಬಿಗೆ ಅದು ಸರಿ, ನಮ್ಮ ನರಕ್ಕಲ್ಲ. ತಗಡನ್ನು ಹೊರಗೆಳೆದು, ಬಾಗಿಲ ಹೊಸ್ತಿಲ ಮೇಲಿಟ್ಟು ಒತ್ತಿ ನೆಟ್ಟಗೆ ಮಾಡಿ, ಮತ್ತೆ ಒಳಗೆ ತೂರಿಸಿ. ಕಟ್ಟಿದಾಗ ಬೆರಳುಗಳು ಮುಕ್ತವಾಗಿ ಆಡುತ್ತಿರಬೇಕು, ಪಟ್ಟಿಯ ಕೆಳಗೆ ಒಂದು ಬೆರಳು ತೂರುವಷ್ಟು ಸಡಿಲ ಇರಬೇಕು. ಬಿಗಿಯಾಗಿ ಕಟ್ಟಿದರೆ ಅದೇ ಒತ್ತಡ.

ಬಳೆಯ ತಕರಾರು ಎಲ್ಲರ ಮನೆಯಲ್ಲೂ ಬರುತ್ತದೆ. ಮುತ್ತೈದೆ ಕೈ ಬರಿದು ಮಾಡಬಾರದು ಎನ್ನುವವರಿಗೆ ನನ್ನ ಚಿಗವ್ವ ಕಂಡುಕೊಂಡ ದಾರಿ ಹೇಳುತ್ತೇನೆ. ಆ ಕೈಯಲ್ಲಿ ಎರಡೇ ಸಡಿಲ ಬಳೆ ಉಳಿಸಿ, ರಾತ್ರಿ ಅವನ್ನು ಮೊಣಕೈ ಕಡೆ ಸರಿಸಿ, ಪಟ್ಟಿಯನ್ನು ಕೆಳಗೆ ಕಟ್ಟುವುದು. ಬೆರಳು ಊದುವವರು ಉಂಗುರವನ್ನೂ ತೆಗೆದಿಡಬೇಕು. ಆರು ವಾರ ಒಂದು ರಾತ್ರಿಯೂ ಬಿಡದೆ ಕಟ್ಟಿ. ಮೂರು ದಿನ ಕಟ್ಟಿ "ಏನೂ ಆಗಲಿಲ್ಲ" ಎಂದು ಮೂಲೆಗೆ ಎಸೆಯುವವರೇ ಹೆಚ್ಚು.

ಬೆಳ್ಳೂರಿನಿಂದ ಫಿಲಡೆಲ್ಫಿಯಾಕ್ಕೆ ಹೋದ ಯೋಗ

ಕೈ ಜೋಮಿಗೆ ಯೋಗ ಎಂದು ಹೇಳುವ ವಿಡಿಯೋಗಳಿಗೆ ಲೆಕ್ಕವಿಲ್ಲ. ಅವುಗಳ ಬೇರು ಹುಡುಕುತ್ತ ಹೋದರೆ ಸಿಗುವುದು ಒಂದೇ ಮುಖ್ಯ ಅಧ್ಯಯನ, ಅದರ ಹಿಂದೆ ಒಬ್ಬ ಕನ್ನಡನಾಡಿನವರು. ಬಿ.ಕೆ.ಎಸ್. ಅಯ್ಯಂಗಾರ್ ಹುಟ್ಟಿದ್ದು 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ. ಹದಿಹರೆಯದಲ್ಲಿ ಕಾಯಿಲೆ ಬಿದ್ದ ಮೈ ಹೊತ್ತು ಮೈಸೂರಿಗೆ ಹೋಗಿ ಭಾವ ಟಿ. ಕೃಷ್ಣಮಾಚಾರ್ಯರ ಹತ್ತಿರ ಕಲಿತು, 1937ರಲ್ಲಿ ಪುಣೆ ಸೇರಿದರು. ಕುರ್ಚಿ, ಗೋಡೆ, ಹಗ್ಗ, ಕಂಬಳಿ ಹೀಗೆ ಮನೆಯ ಸಾಮಾನುಗಳನ್ನೇ ಆಸರೆ ಮಾಡಿಕೊಂಡು, ಆಗದವರಿಗೂ ಆಸನ ಆಗುವಂತೆ ಮಾಡಿದ್ದು ಅವರ ದೊಡ್ಡ ಕೊಡುಗೆ. ಅವರ ಪದ್ಧತಿಯಲ್ಲಿ ಪಳಗಿದ ಮೇರಿಯನ್ ಗಾರ್ಫಿಂಕೆಲ್ ಮತ್ತು ಸಂಗಡಿಗರು ಫಿಲಡೆಲ್ಫಿಯಾದಲ್ಲಿ 42 ಜನ ಕಾರ್ಪಲ್ ಟನಲ್ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೆ ಎರಡು ಸಲದಂತೆ ಎಂಟು ವಾರ ಯೋಗ, ಹನ್ನೊಂದು ಆಸನ, ಕೊನೆಗೆ ವಿಶ್ರಾಂತಿ. ಇನ್ನೊಂದು ಗುಂಪಿಗೆ ಮಾಮೂಲು ಚಿಕಿತ್ಸೆಯ ಜೊತೆಗೆ ಮಣಿಕಟ್ಟಿನ ಪಟ್ಟಿ. 1998ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಫಲಿತಾಂಶ ಬಂತು: ಯೋಗ ಮಾಡಿದವರ ಹಿಡಿತ ಬಲವಾಗಿತ್ತು, ನೋವು ಇಳಿದಿತ್ತು.

ಇದನ್ನು ಹಿಡಿದು "ಯೋಗದಿಂದ ಕಾರ್ಪಲ್ ಟನಲ್ ಮಾಯ" ಎನ್ನುವವರ ಮಾತು ನಂಬಬೇಡಿ. ಜನ ಕಡಿಮೆ, ಅವಧಿ ಎಂಟೇ ವಾರ. ನರದ ವೇಗದ ಪರೀಕ್ಷೆಯಲ್ಲಿ ಎರಡೂ ಗುಂಪಿಗೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಶುರುವಿನ, ನಡುಮಟ್ಟದ ತೊಂದರೆಯಲ್ಲಿ ಹಗುರ ಕೊಡುತ್ತದೆ. ಅಷ್ಟು ಹೇಳಿದರೆ ಸುಳ್ಳಾಗದು.

ಆ ಅಧ್ಯಯನದಲ್ಲಿ ನನಗೆ ಹಿಡಿಸಿದ್ದು ಇನ್ನೊಂದು. ಆಸನಗಳೆಲ್ಲ ಬರಿ ಮಣಿಕಟ್ಟಿಗೆ ಅಂಟಿಕೊಂಡಿರಲಿಲ್ಲ. ಬೆನ್ನು, ಭುಜ, ತೋಳುಗಳನ್ನೂ ನೆಟ್ಟಗೆ ಮಾಡುವಂಥವು. ದಿನವಿಡೀ ಬಗ್ಗಿ ನಾಟಿ ಹಚ್ಚಿದವರ, ಮಷಿನ್ನಿನ ಮುಂದೆ ಕುಗ್ಗಿ ಕೂತವರ ಭುಜ ಮುಂದಕ್ಕೆ ಬಿದ್ದಿರುತ್ತದೆ. ಮೀಡಿಯನ್ ನರ ಕುತ್ತಿಗೆಯಿಂದ ಹೊರಟು ಭುಜದ ಸಂದಿಯಿಂದ ಇಳಿದು ಅಂಗೈಗೆ ಬರುವ ಒಂದೇ ಎಳೆ. ದಾರಿಯುದ್ದಕ್ಕೂ ಅದಕ್ಕೆ ಸರಿದಾಡಲು ಜಾಗ ಬೇಕು.

ನಮ್ಮ ಮನೆಗಳಿಗೆ ಹೊಂದುವ ಕ್ರಮ ಹೀಗಿದೆ. ಬೆಳಿಗ್ಗೆ ಒಲೆ ಹಚ್ಚುವ ಮೊದಲು ಹದಿನೈದು ನಿಮಿಷ ಸಾಕು.

ಸ್ಟೂಲಿನ ಮೇಲೋ ಕಟ್ಟೆಯ ಮೇಲೋ ಪಾದ ಊರಿ ಕೂತು ಭುಜಗಳನ್ನು ಹಿಂದಕ್ಕೆ ಹತ್ತು ಸಲ ಸುತ್ತಿಸಿ. ಎರಡೂ ತೋಳುಗಳನ್ನು ಕಿವಿಯ ಪಕ್ಕದಲ್ಲಿ ಮೇಲೆತ್ತಿ ಐದು ಉಸಿರು ಹಿಡಿಯಿರಿ. ಮಣಿಕಟ್ಟು ತೋಳಿನ ಗೆರೆಯಲ್ಲೇ ಇರಲಿ. ಬಲಗೈ ಎಡಭುಜಕ್ಕೆ, ಎಡಗೈ ಬಲಭುಜಕ್ಕೆ ಹಾಕಿ ನಿಮ್ಮನ್ನು ನೀವೇ ತಬ್ಬಿಕೊಂಡು ಬೆನ್ನಿನ ಮೇಲ್ಭಾಗ ಬಿಚ್ಚಿಕೊಳ್ಳಲು ಬಿಡಿ. ಗರುಡಾಸನದ ತೋಳು ಬರುವವರು ಅದನ್ನೇ ಮಾಡಲಿ. ಕುರ್ಚಿ ಇದ್ದರೆ ಪಕ್ಕಕ್ಕೆ ತಿರುಗಿ, ಕುರ್ಚಿಯ ಬೆನ್ನನ್ನು ಹಗುರಾಗಿ ಹಿಡಿದು ಸೊಂಟದಿಂದ ತಿರುಚಿ; ಎರಡೂ ಕಡೆ. ಆಮೇಲೆ ಗೋಡೆಯ ಮುಂದೆ ನಿಂತು, ಸೊಂಟದಿಂದ ಮುಂದೆ ಬಾಗಿ, ಬೆರಳ ತುದಿಗಳನ್ನು ಮಾತ್ರ ಗೋಡೆಗೆ ತಾಗಿಸಿ ಬೆನ್ನು ಉದ್ದ ಮಾಡಿ. ಮೈಭಾರ ಕಾಲಿನ ಮೇಲಿರಲಿ, ಗೋಡೆಯನ್ನು ತಳ್ಳಬೇಡಿ.

ನಮಸ್ಕಾರ ಮುದ್ರೆಗೆ ಸ್ವಲ್ಪ ನಾಜೂಕು ಬೇಕು. ಎದೆಯ ಮುಂದೆ ಅಂಗೈ ಜೋಡಿಸಿ, ಜೋಡಿಸಿದ ಕೈಯನ್ನು ಮೆಲ್ಲಗೆ ಹೊಟ್ಟೆಯ ಕಡೆ ಇಳಿಸುತ್ತ ಹೋಗಿ. ಒಂದು ಮಟ್ಟದಲ್ಲಿ ಮುಂಗೈ ಒಳಗೆ ಹಿತವಾದ ಸೆಳೆತ ಬರುತ್ತದೆ, ಅಲ್ಲೇ ನಿಲ್ಲಿಸಿ ಐದು ಎಣಿಸಿ. ಇನ್ನೂ ಇಳಿಸಿದರೆ ಬೆರಳಿಗೆ ಜುಮ್ಮು ಬರುತ್ತದೆ, ಅಷ್ಟು ದೂರ ಹೋಗಬೇಡಿ. ಇಡೀ ಅಭ್ಯಾಸದ ಅಳತೆಗೋಲು ಇದೇ: ಸೆಳೆತ ಬಂದರೆ ಸರಿ, ಜುಮ್ಮು ಬಂದರೆ ಹಿಂದಕ್ಕೆ ಸರಿಯಿರಿ.

ಇನ್ನು ಬೆರಳಿನ ಎರಡು ಅಭ್ಯಾಸ. ಇವು ಆಸನಗಳಲ್ಲ, ಫಿಸಿಯೋಥೆರಪಿಯವರು ಹೇಳಿಕೊಡುವಂಥವು. ತೂಬಿನೊಳಗೆ ಹುರಿ ಮತ್ತು ನರ ಅಂಟಿಕೊಳ್ಳದೆ ಸರಿದಾಡಲಿ ಎಂದು. ಮೊದಲನೆಯದು ಹುರಿಗೆ. ಮಣಿಕಟ್ಟು ನೆಟ್ಟಗಿಟ್ಟು ಬೆರಳು ಚಾಚಿ. ಬೆರಳಿನ ಮೇಲಿನ ಎರಡು ಗಿಣ್ಣು ಮಾತ್ರ ಮಡಚಿ, ಕೊಕ್ಕೆಯ ಹಾಗೆ. ಮತ್ತೆ ಚಾಚಿ, ಈಗ ಪೂರ್ತಿ ಮುಷ್ಟಿ. ಮತ್ತೆ ಚಾಚಿ, ಬುಡದ ಗಿಣ್ಣಿನಲ್ಲಿ ಮಾತ್ರ ಮಡಚಿ, ಬೆರಳು ಚಪ್ಪರದ ಹಾಗೆ ಸಪಾಟಾಗಿ. ಕೊನೆಗೆ ಬೆರಳ ತುದಿ ಅಂಗೈಯ ಬುಡಕ್ಕೆ ತಾಗುವಂತೆ ಮಡಚಿ, ತುದಿಯ ಗಿಣ್ಣು ನೆಟ್ಟಗೇ ಇರಲಿ. ಎರಡನೆಯದು ನರಕ್ಕೆ. ಸಡಿಲ ಮುಷ್ಟಿ ಕಟ್ಟಿ. ಬೆರಳು ಚಾಚಿ, ಹೆಬ್ಬೆರಳು ಪಕ್ಕಕ್ಕೇ ಇರಲಿ. ಕೈಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ. ಹೆಬ್ಬೆರಳು ಬಿಡಿಸಿ. ಅದೇ ಸ್ಥಿತಿಯಲ್ಲಿ ಅಂಗೈಯನ್ನು ಆಕಾಶಕ್ಕೆ ತಿರುಗಿಸಿ. ಕೊನೆಗೆ ಇನ್ನೊಂದು ಕೈಯಿಂದ ಹೆಬ್ಬೆರಳನ್ನು ಒಂದಿಷ್ಟೇ ಎಳೆಯಿರಿ. ಪ್ರತಿ ಹಂತಕ್ಕೆ ಐದು ಎಣಿಕೆ, ಐದು ಸುತ್ತು, ದಿನಕ್ಕೆ ಮೂರು ಸಲ. ಹೊಲದ ಬದುವಿನ ಮೇಲೆ ಬುತ್ತಿ ಬಿಚ್ಚುವ ಮೊದಲೂ ಮಾಡಬಹುದು. ಕೊನೆಗೆ ಶವಾಸನ, ಅಂಗೈ ಮೇಲೆ ನೋಡುತ್ತಿರಲಿ, ಐದು ನಿಮಿಷ.

ಮಾಡಬಾರದ್ದು ಯಾವುದೆಂದರೆ, ಕೈ ಊರಿ ಮೈಭಾರ ಹಾಕುವ ಎಲ್ಲವೂ. ಸೂರ್ಯನಮಸ್ಕಾರದಲ್ಲಿ ಅಂಗೈ ಊರುವ ಹಂತಗಳು, ಮಯೂರಾಸನ, ಭುಜಂಗಾಸನ, ದಂಡ. ಆ 110ರ ಅಂಕಿ ನೆನಪಿಸಿಕೊಳ್ಳಿ; ಅಂಗೈ ನೆಲಕ್ಕೂರಿದಾಗ ಮಣಿಕಟ್ಟು ಪೂರ್ತಿ ಹಿಂದಕ್ಕೆ ಬಾಗಿರುತ್ತದೆ, ಮೇಲೆ ಮೈಭಾರ ಬೇರೆ. ಯೋಗ ದಿನಾಚರಣೆಯ ಹುರುಪಿನಲ್ಲಿ ಹನ್ನೆರಡು ಸೂರ್ಯನಮಸ್ಕಾರ ಹಾಕಿ ಮರುದಿನ ಕೈ ಹಿಡಿದು ಕೂತವರನ್ನು ಕಂಡಿದ್ದೇನೆ. ಬಿಡಲು ಮನಸ್ಸಿಲ್ಲದಿದ್ದರೆ ಮುಷ್ಟಿ ಊರಿ, ಅಥವಾ ಮೊಣಕೈ ಊರಿ ಮಾಡಿ. ಲಕ್ಷಣ ಇಳಿಯುವ ತನಕ ಬಿಟ್ಟರೆ ಇನ್ನೂ ಒಳ್ಳೆಯದು.

ಎಣ್ಣೆ ತಿಕ್ಕುವುದಾದರೆ ಮೊಣಕೈ ಕಡೆ

ಒಂದು ಕೈಯ ಬೆರಳುಗಳನ್ನು ಪಟಪಟ ಆಡಿಸಿ, ಇನ್ನೊಂದು ಕೈಯನ್ನು ಮೊಣಕೈಯ ಕೆಳಗೆ ಒಳಮಗ್ಗುಲಲ್ಲಿ ಇಟ್ಟು ನೋಡಿ. ಮಾಂಸ ಕುಣಿಯುತ್ತದೆ. ಬೆರಳನ್ನು ಎಳೆಯುವ ಸ್ನಾಯುಗಳು ಇರುವುದು ಅಲ್ಲಿ. ಮಣಿಕಟ್ಟಿನಲ್ಲಿ ಹಾಯುವುದು ಅವುಗಳ ಹುರಿ ಮಾತ್ರ. ಬಿಗಿದುಕೊಂಡಿರುವುದು ಮೇಲೆ, ನೋವು ಕಾಣಿಸುವುದು ಕೆಳಗೆ. ಆದ್ದರಿಂದ ಮಾಲೀಸಿನ ಮುಕ್ಕಾಲು ಸಮಯ ಮುಂಗೈಗೆ ಹೋಗಬೇಕು.

ರಾತ್ರಿ ಪಟ್ಟಿ ಕಟ್ಟುವ ಮೊದಲು ಹತ್ತು ನಿಮಿಷ. ಅರ್ಧ ಚಮಚ ಎಣ್ಣೆ ಸಾಕು. ಕುಸುಬೆ, ಶೇಂಗಾ, ಎಳ್ಳು, ಮನೆಯಲ್ಲಿ ಇದ್ದದ್ದು. ಎಣ್ಣೆ ಚರ್ಮ ದಾಟಿ ನರಕ್ಕೆ ಇಳಿದು ವಾಸಿಮಾಡುತ್ತದೆ ಎಂದು ನಾನು ನಂಬುವುದಿಲ್ಲ, ಕೈ ಜಾರಲು ಅದು ಬೇಕು ಅಷ್ಟೆ. ಹಾಗಾಗಿ ದುಬಾರಿ ಬಾಟಲಿಗೆ ದುಡ್ಡು ಸುರಿಯುವ ಅಗತ್ಯವಿಲ್ಲ. ತೋಳನ್ನು ದಿಂಬಿನ ಮೇಲೆ ಅಂಗೈ ಮೇಲಾಗಿ ಇಟ್ಟುಕೊಳ್ಳಿ. ಇನ್ನೊಂದು ಅಂಗೈಯನ್ನು ಚಪ್ಪಟೆಯಾಗಿ ಇಟ್ಟು ಮಣಿಕಟ್ಟಿನ ಮೇಲಿಂದ ಮೊಣಕೈ ಕಡೆಗೆ ಉದ್ದಕ್ಕೆ ನೀವಿ, ಇಪ್ಪತ್ತು ಸಲ. ಆಮೇಲೆ ಮೊಣಕೈ ಕೆಳಗಿನ ದಪ್ಪ ಮಾಂಸವನ್ನು ಹೆಬ್ಬೆರಳಿನಿಂದ ಸಣ್ಣ ಸುತ್ತುಗಳಲ್ಲಿ ನಾದಿ, ಮೂರು ನಿಮಿಷ. ಇಲ್ಲಿ ಸ್ವಲ್ಪ ಬಲ ಹಾಕಬಹುದು. ಕೈ ಮಗುಚಿ ಮೇಲ್ಮಗ್ಗುಲನ್ನೂ ಹಾಗೇ ಮಾಡಿ. ಬಳಿಕ ಹೆಬ್ಬೆರಳಿನ ಬುಡದ ದಿಬ್ಬ, ಬೆರಳುಗಳ ನಡುವಿನ ಸಂದಿ, ಒಂದೊಂದೇ ಬೆರಳು. ಮಣಿಕಟ್ಟಿನ ಗೆರೆ ಬಂದಾಗ ಕೂಸಿನ ನೆತ್ತಿಗೆ ಎಣ್ಣೆ ಹಚ್ಚುವಷ್ಟೇ ಹಗುರ. ಅಲ್ಲಿ ಹೆಬ್ಬೆರಳು ಊರಬೇಡಿ, ಯಾರಿಗೂ ಊರಲು ಬಿಡಬೇಡಿ.

ಮಾಲೀಸಿಗೂ ಸಣ್ಣ ಆಧಾರ ಇದೆ. ಅಮೆರಿಕದ ಮಯಾಮಿಯ ಟಿಫಾನಿ ಫೀಲ್ಡ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಲ್ಕು ವಾರ ವಾರಕ್ಕೊಮ್ಮೆ ಮಾಲೀಸು ಮಾಡಿಸಿಕೊಂಡು ದಿನವೂ ತಾವೇ ನೀವಿಕೊಂಡವರಿಗೆ ನೋವು ಇಳಿದು ಹಿಡಿತ ಬಲವಾಯಿತು. ಇದ್ದವರು 16 ಜನ ಮಾತ್ರ. ತಾವೇ ಮಾಡಿಕೊಳ್ಳಬಹುದು ಎನ್ನುವುದು ನಮಗೆ ಉಪಯೋಗದ ಮಾತು.

ಎರಡು ವಿಷಯದಲ್ಲಿ ನಾನು ಕಟುವಾಗಿಯೇ ಹೇಳುತ್ತೇನೆ. ಮರಗಟ್ಟಿದ ಕೈಗೆ ಬಿಸಿ ಶಾಖ ಕೊಡುವಾಗ ಬಿಸಿಯ ಅಂದಾಜು ಆ ಕೈಗೆ ಸಿಗುವುದಿಲ್ಲ; ನೀರನ್ನು ಮೊದಲು ಮೊಣಕೈಯಿಂದ ಮುಟ್ಟಿ ನೋಡಿ. ಹಂಚಿನ ಮೇಲಿನ ರೊಟ್ಟಿ ಮಗುಚುವಾಗ ಬೆರಳು ಸುಟ್ಟದ್ದು ಗೊತ್ತೇ ಆಗದವರಿದ್ದಾರೆ, ಸಕ್ಕರೆ ಕಾಯಿಲೆ ಇದ್ದರೆ ಆ ಗಾಯ ಬೇಗ ಮಾಯುವುದೂ ಇಲ್ಲ. ಇನ್ನೊಂದು, ಮಣಿಕಟ್ಟಿಗೆ ಚುಟುಗಿ ಹಾಕಿಸುವುದು, ಕೈ ಜಗ್ಗಿ ನೆಟಿಗೆ ತೆಗೆಸುವುದು. ಎರಡೂ ಬೇಡ. ಕಾಯಿಸಿದ ಕಬ್ಬಿಣಕ್ಕೆ ಒಳಗಿನ ತಂತು ಸಡಿಲವಾಗುವುದಿಲ್ಲ, ಮೇಲಿನ ಚರ್ಮ ಸುಡುತ್ತದೆ.

ಕೆಲಸ ಬಿಡಲಾಗದು, ರೀತಿ ಬದಲಿಸಬಹುದು

"ಕೈಗೆ ವಿಶ್ರಾಂತಿ ಕೊಡಿ" ಎಂದು ಡಾಕ್ಟರು ಹೇಳುವುದು ಸುಲಭ. ಹತ್ತಿ ಒಡೆದು ನಿಂತಾಗ ಕೂಲಿಯವರಿಗೆ ಅದು ಆಗುವ ಮಾತಲ್ಲ. ರೊಟ್ಟಿಯಲ್ಲಿ ಎಲ್ಲರೂ ಬಡಿಯುವುದನ್ನು ದೂರುತ್ತಾರೆ, ನನ್ನ ಅಂದಾಜಿನಲ್ಲಿ ಹೆಚ್ಚು ಕೆಡಿಸುವುದು ನಾದುವುದು. ಅಂಗೈಯ ಬುಡ ಊರಿ, ಮಣಿಕಟ್ಟು ಹಿಂದಕ್ಕೆ ಬಾಗಿಸಿ, ಮೈಭಾರ ಹಾಕಿ ತಳ್ಳುವ ಕೆಲಸ ಅದು. ಎಸರು ಚೆನ್ನಾಗಿ ಕುದಿಸಿ ಹಿಟ್ಟು ಮೆತ್ತಗೆ ಮಾಡಿಕೊಂಡು, ಒಂದೇ ಸಲಕ್ಕೆ ಎಲ್ಲ ಹಿಟ್ಟು ನಾದದೆ ಐದಾರು ರೊಟ್ಟಿಯಷ್ಟನ್ನೇ ನಾದಿಕೊಂಡರೆ ಕೈಗೆ ನಡುವೆ ಉಸಿರು ಸಿಗುತ್ತದೆ. ನಾದುವ ಕೆಲಸ ಗಂಡುಮಕ್ಕಳಿಗೆ ಹಚ್ಚಿದರೆ ಇನ್ನೂ ಚಲೋ, ರುಚಿ ಕೆಡುವುದಿಲ್ಲ.

ಕುರ್ಚಿಗಿ, ಕುಡುಗೋಲಿನ ಹಿಡಿ ಸಣ್ಣದಿದ್ದಷ್ಟೂ ಬಿಗಿಯಾಗಿ ಹಿಡಿಯಬೇಕಾಗುತ್ತದೆ. ಹಳೆ ಸೈಕಲ್ ಟ್ಯೂಬೋ ಅರಿವೆಯೋ ಸುತ್ತಿ ಹಿಡಿ ದಪ್ಪ ಮಾಡಿಕೊಳ್ಳಿ. ಒದ್ದೆ ಬಟ್ಟೆಯನ್ನು ಕೈಯಲ್ಲಿ ತಿರುಚದೆ ನಲ್ಲಿಗೆ ಸುತ್ತಿ ಎಳೆದು ಹಿಂಡಿ. ಬೈಕಿನ ಹ್ಯಾಂಡಲನ್ನು ಹಿಂಡಿ ಹಿಡಿಯಬೇಡಿ. ಕೊರೆಯುವ ಯಂತ್ರ ಹಿಡಿಯುವವರು ನಡುಕ ತಡೆಯುವ ಕೈಗವಸು ಕೇಳಿ ಪಡೆಯಲಿ, ಆದರೆ ಅದೊಂದನ್ನೇ ನಂಬದೆ ಪಾಳಿಯ ನಡುವೆ ಕೆಲಸ ಬದಲಿಸಿಕೊಳ್ಳಲಿ. ಜೋಮು ಶುರುವಾದದ್ದನ್ನು ವೈದ್ಯಕೀಯ ತಪಾಸಣೆಯಲ್ಲಿ ಮುಚ್ಚಿಡದೆ ಬರೆಸಲಿ.

ಯಾವಾಗ ಆಸ್ಪತ್ರೆ

ಜೋಮು ಬಂದು ಹೋಗುವ ತನಕ ಪಟ್ಟಿ, ಯೋಗ, ಎಣ್ಣೆಗೆ ಸಮಯವಿದೆ. ಹಗಲು ರಾತ್ರಿ ಬಿಡದೆ ನಿಂತುಬಿಟ್ಟರೆ, ಚಹಾ ಕಪ್ಪು ಕೈಯಿಂದ ಜಾರತೊಡಗಿದರೆ, ಕುಪ್ಪಸದ ಗುಂಡಿ ಹಾಕಲು ಬಾರದಿದ್ದರೆ, ಎರಡೂ ಕೈ ಪಕ್ಕಪಕ್ಕ ಇಟ್ಟು ನೋಡಿದಾಗ ಹೆಬ್ಬೆರಳಿನ ಬುಡದ ದಿಬ್ಬ ಒಂದರಲ್ಲಿ ಬತ್ತಿದ ಹಾಗೆ ಕಂಡರೆ, ಮನೆಮದ್ದಿನ ಕಾಲ ಮುಗಿಯಿತು. ಬತ್ತಿದ ಸ್ನಾಯು ಪೂರ್ತಿ ಮರಳುವ ಖಾತ್ರಿ ಇಲ್ಲ.

ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ಸಕ್ಕರೆ ಮತ್ತು ಥೈರಾಯ್ಡ್ ನೋಡಿಸಿ. ಥೈರಾಯ್ಡ್ ಸರಿಹೋದ ಮೇಲೆ ಕೈಯೂ ಹಗುರಾಗುವುದುಂಟು. ನರದ ವೇಗ ಅಳೆಯುವ ಪರೀಕ್ಷೆ, ಜನ ಕರೆಂಟ್ ಪರೀಕ್ಷೆ ಎನ್ನುವುದು, ಬೇಕೆಂದರೆ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಚೀಟಿ ಬರೆಸಿಕೊಂಡು ವಿಚಾರಿಸಿ. ರಕ್ತದಲ್ಲಿ ಬಿ12 ಕಡಿಮೆ ಇದೆ ಎಂದು ತಿಳಿದ ಮೇಲೆ ಅದರ ಸೂಜಿ ತೆಗೆದುಕೊಳ್ಳುವುದು ಸರಿ. ಪರೀಕ್ಷೆಯಿಲ್ಲದೆ ತಿಂಗಳುಗಟ್ಟಲೆ "ನರದ ಸೂಜಿ" ಚುಚ್ಚಿಸಿಕೊಂಡರೆ ಕಿಂಡಿ ಅಗಲವಾಗುವುದಿಲ್ಲ. ಮಣಿಕಟ್ಟಿಗೆ ಕೊಡುವ ಸ್ಟೀರಾಯ್ಡ್ ಸೂಜಿ ಬೇಗ ಹಗುರ ಕೊಡುತ್ತದೆ, ಹಲವರಲ್ಲಿ ಕೆಲವು ತಿಂಗಳಿಗೆ ತೊಂದರೆ ಮರಳುತ್ತದೆ. ಸಕ್ಕರೆ ಇದ್ದವರು ಮೊದಲೇ ಹೇಳಬೇಕು, ಆ ಸೂಜಿ ಕೆಲವು ದಿನ ಸಕ್ಕರೆ ಏರಿಸುತ್ತದೆ.

ಶಸ್ತ್ರಚಿಕಿತ್ಸೆ ಎಂದರೆ ಬೆಚ್ಚಬೇಕಿಲ್ಲ. ಸಾಮಾನ್ಯವಾಗಿ ಕೈಯೊಂದನ್ನೇ ಮರಗಟ್ಟಿಸಿ, ಆ ಅಡ್ಡಪಟ್ಟಿಯನ್ನು ಕತ್ತರಿಸಿ ನರಕ್ಕೆ ಜಾಗ ಮಾಡುತ್ತಾರೆ. ಅದೇ ದಿನ ಮನೆಗೆ. ರಾತ್ರಿಯ ಉರಿ ಬಹಳ ಜನರಿಗೆ ದಿನಗಳಲ್ಲೇ ನಿಲ್ಲುತ್ತದೆ, ಹಿಡಿತದ ಬಲ ಬರಲು ತಿಂಗಳುಗಳು ಬೇಕು. ಚಿಗವ್ವನ ಬಲಗೈಗೆ ಇದೇ ಆಯಿತು. ಎಡಗೈಗೆ ಪಟ್ಟಿ ಮತ್ತು ಬೆರಳಿನ ಅಭ್ಯಾಸವೇ ಸಾಕಾಯಿತು.

ಇನ್ನು ಡಾಕ್ಟರ ಮುಂದೆ ಕೂತಾಗ "ಕೈ ನೋವು" ಎಂದಷ್ಟೇ ಹೇಳಿ ಬರಬೇಡಿ. ಎರಡು ನಿಮಿಷದ ಹೊರರೋಗಿ ಸಾಲಿನಲ್ಲಿ ಅದಕ್ಕೆ ಸಿಗುವುದು ನೋವಿನ ಗುಳಿಗೆ ಮಾತ್ರ. ಯಾವ ಬೆರಳು, ರಾತ್ರಿ ಎಷ್ಟು ಹೊತ್ತಿಗೆ, ಜಾಡಿಸಿದರೆ ಇಳಿಯುತ್ತದೋ ಇಲ್ಲವೋ, ಕಿರುಬೆರಳು ಸೇರಿದೆಯೋ ಇಲ್ಲವೋ, ಇಷ್ಟನ್ನು ಬೆರಳು ತೋರಿಸಿ ಹೇಳಿ.